ಬಿಚ್ಚಿ ಹೊಲಿಯಲು ಬರುವ ಗಾದಿ

ಪವಿತ್ರ ಕುರ್‌ಆನ್‌ನ ಬನೀ ಇಸ್ರಾಈಲ್ ಅಧ್ಯಾಯವು (17:27) ದುಂದುಗಾರರನ್ನು ಶೈತಾನರ ಸಹೋದರರೆಂದು ಎಚ್ಚರಿಸಿದೆ. ಇದನ್ನು ಕೇಳಿದಾಗ ನಮಗೆ ಮದುವೆಯ ಊಟವೂ ದೀಪಾಲಂಕಾರವೂ ನೆನಪಾಗುತ್ತವೆ. ಆದರೆ ಒಂದು ವಸ್ತುವನ್ನು ತಯಾರಿಸುವಾಗಲೇ ಅದರೊಳಗೆ ದುಂದು ಸೇರಿಕೊಳ್ಳಬಹುದು ಎಂಬುದರ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರಿಗೆ ಪಿಂಜಾರರನ್ನು ಪರಿಚಯಿಸಬೇಕಾಗಿಲ್ಲ. ಹತ್ತಿ ಬೆಳೆಯುವ ಈ ಸೀಮೆಯಲ್ಲಿ ಅರಳೆ ಹಿಂಜಿ ಗಾದಿ ತುಂಬುವುದು ಈ ಮುಸ್ಲಿಮ್ ಸಹೋದರರ ಪರಂಪರೆಯ ಕಸುಬು. ಅವರಿಗಿರುವ ನದಾಫ್ ಎಂಬ ಹೆಸರು ಅರಬಿಯದು. ಅರಳೆ ಹಿಂಜುವವನು ಎಂದೇ ಅದರ ಅರ್ಥ. ಹಿಂದೆ ದೊಡ್ಡ ಬಿಲ್ಲಿನ ನರವನ್ನು ಮರದ ಕೊಡತಿಯಿಂದ ಮೀಟಿ ಹಿಂಜುತ್ತಿದ್ದರು, ಈಗ ಯಂತ್ರ ಬಂದಿದೆ. ಕ್ರಮ ಮಾತ್ರ ಅದೇ. ಬಳಸಿ ಬಳಸಿ ಗಾದಿ ಗಂಟುಗಂಟಾದರೆ ಹೊಲಿಗೆ ಬಿಚ್ಚಿ, ಅರಳೆಯನ್ನು ಬಿಸಿಲಿಗೆ ಹಾಕಿ ಮತ್ತೆ ಹಿಂಜುತ್ತಾರೆ. ಧೂಳು ಉದುರಿ ಅರಳೆ ಉಬ್ಬುತ್ತದೆ. ಸ್ವಲ್ಪ ಹೊಸ ಅರಳೆ ಕೂಡಿಸಿ ಬೇರೆ ಬಟ್ಟೆಯಲ್ಲಿ ತುಂಬಿದರೆ ಗಾದಿ ಹೊಸದಾಯಿತು. ಹಳೆಯ ಬಟ್ಟೆಯೂ ವ್ಯರ್ಥವಾಗದು. ಸವೆದ ಸೀರೆ, ಧೋತರಗಳ ಜೊತೆಗೆ ಅದು ಕೌದಿಯ ಪದರವಾಗುತ್ತದೆ. ಕೌದಿ ಒಂದು ಕಡೆ ಹರಿದರೆ ಅಲ್ಲಿಗಷ್ಟೇ ತೇಪೆ ಸಾಕು.

ಇದು ಹೇಗೆ ಸಾಧ್ಯವಾಯಿತು? ಗಾದಿಯಲ್ಲಿರುವುದು ಅರಳೆ, ಬಟ್ಟೆ, ದಾರ ಮೂರೇ. ಅಂಟು ಇಲ್ಲ. ಮುಂದೊಂದು ದಿನ ಬಿಚ್ಚಲು ಬರಬೇಕೆಂದೇ ಅದನ್ನು ಹೊಲಿದಿರುತ್ತಾರೆ. ಫೋಮ್ ಹಾಸಿಗೆಯ ವಿಷಯ ಹಾಗಲ್ಲ. ಅದು ಹಗುರ, ಎತ್ತಿಡಲು ಸುಲಭ, ನಿಜ. ಆದರೆ ಪೆಟ್ರೋಲಿಯಂ ಮೂಲದ ಆ ಫೋಮ್ ಒಮ್ಮೆ ಕುಸಿದರೆ ಅದನ್ನು ಹಿಂಜಲು ಬರುವುದಿಲ್ಲ. ಪದರಗಳನ್ನು ಅಂಟಿಸಿದ್ದರೆ ಬಿಡಿಸುವುದೂ ಕಷ್ಟ. ಮಣ್ಣಿನಲ್ಲಿ ಅದು ಬೇಗ ಕೊಳೆಯದು, ಸುಟ್ಟರೆ ವಿಷದ ಹೊಗೆ. ಕೊನೆಗೆ ಅದು ಬೀಳುವುದು ಊರ ಹೊರಗಿನ ಹಳ್ಳದಲ್ಲಿ. ಅದರೊಡನೆ ಪಿಂಜಾರನ ಕೈಕೆಲಸವೂ ಹೋಗುತ್ತದೆ.

ಈ ವಿಷಯದಲ್ಲಿ ಪ್ರವಾದಿ(ಸ)ರ ಮನೆಯಿಂದಲೇ ನಮಗೆ ಮಾರ್ಗದರ್ಶನವಿದೆ. ಹಝ್ರತ್ ಮೈಮೂನಾ(ರ)ರ ಸೇವಕಿಗೆ ದಾನವಾಗಿ ಬಂದ ಕುರಿಯೊಂದು ಸತ್ತುಬಿದ್ದಿತ್ತು. ಅದರ ಚರ್ಮವನ್ನೇಕೆ ಹದಮಾಡಿ ಉಪಯೋಗಿಸಲಿಲ್ಲವೆಂದು ಪ್ರವಾದಿ(ಸ)ರು ಕೇಳಿದರು. ಅದು ಸತ್ತ ಪ್ರಾಣಿಯಲ್ಲವೇ ಎಂದಾಗ, ನಿಷಿದ್ಧವಾಗಿರುವುದು ಅದನ್ನು ತಿನ್ನುವುದು ಮಾತ್ರ ಎಂದು ತಿಳಿಸಿದರು. ಹಝ್ರತ್ ಆಯಿಶಾ(ರ) ತೂಗುಹಾಕಿದ್ದ ಚಿತ್ರಗಳಿರುವ ಪರದೆಯನ್ನು ಪ್ರವಾದಿ(ಸ)ರು ಮೆಚ್ಚಲಿಲ್ಲ. ಆಯಿಶಾ(ರ) ಅದನ್ನು ಎಸೆಯಲಿಲ್ಲ, ಕತ್ತರಿಸಿ ದಿಂಬು ಮಾಡಿಕೊಂಡರು. ಈ ಎರಡೂ ಘಟನೆಗಳು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿವೆ.

ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಹಾಗಾದರೆ ನಾಳೆ ದಾರಿಗೆ ತೊಂದರೆಯಾಗುವ ವಸ್ತುವನ್ನು ಇಂದು ತಯಾರಿಸದಿರುವುದು, ಕೊಳ್ಳದಿರುವುದು ಅದಕ್ಕಿಂತ ಮೊದಲಿನ ಕರ್ತವ್ಯವಲ್ಲವೇ? ಎಲ್ಲ ಕೆಲಸದಲ್ಲೂ ಇಹ್ಸಾನ್ ಇರಬೇಕೆಂಬ ಬೋಧನೆ ದರ್ಜಿಗೂ ಬಡಗಿಗೂ ಕಾರ್ಖಾನೆಯ ಮಾಲೀಕನಿಗೂ ಅನ್ವಯಿಸುತ್ತದೆ.

ಸಹೋದರ ಸಹೋದರಿಯರೇ, ದರ್ಜಿಯು ಮಕ್ಕಳ ಬಟ್ಟೆಯ ಅಂಚನ್ನು ಅಗಲವಾಗಿ ಮಡಿಸಿ ಹೊಲಿದರೆ ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು. ಬಡಗಿಯು ಮೊಳೆಯ ಬದಲು ತಿರುಪು ಹಾಕಿದರೆ ಕಪಾಟನ್ನು ಬಿಡಿಸಿ ದುರಸ್ತಿ ಮಾಡಬಹುದು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಿದೆ. ಜಮಾಅತ್‌ಗಳು ಸ್ಟೀಲ್ ತಟ್ಟೆಗಳನ್ನು ಇಟ್ಟುಕೊಂಡು ಮದುವೆಗಳಿಗೆ ಕೊಟ್ಟರೆ ಆ ಕಾನೂನೂ ಪಾಲನೆಯಾಗುತ್ತದೆ, ಬಡವರ ಖರ್ಚೂ ಉಳಿಯುತ್ತದೆ. ಮಗಳ ಮದುವೆಗೆ ಹಾಸಿಗೆ ಕೊಳ್ಳಲು ಹೊರಟವರು ಪಿಂಜಾರರ ಅಂಗಡಿಯ ಮುಂದೆಯೂ ಒಮ್ಮೆ ನಿಲ್ಲಲಿ.

ಇದು ಜಿಪುಣತನವಲ್ಲ. ದುಂದು ಮತ್ತು ಜಿಪುಣತನಗಳ ನಡುವಿನ ಮಾರ್ಗವನ್ನೇ ಕುರ್‌ಆನ್ (25:67) ಪ್ರಶಂಸಿಸಿದೆ. ನಮ್ಮ ಕೈಯಲ್ಲಿರುವ ಪ್ರತಿಯೊಂದು ವಸ್ತುವೂ ಅಮಾನತ್ತು. ಅದರ ಲೆಕ್ಕ ಕೊಡಬೇಕಾದ ದಿನವಿದೆ. ಅಲ್ಲಾಹನು ನಮಗೆ ಸದ್ಬುದ್ಧಿಯನ್ನು ಅನುಗ್ರಹಿಸಲಿ. ಆಮೀನ್.