ವೈದ್ಯರಿಗೆ ಹೇಳಿದರೆ ಸಾಕೇ? ವರದಿಯ ಹೊಣೆ ಕುರಿತು ಒಂದು ಪಾಠ

ಅಭ್ಯಾಸ ಬೋಧನೆಗೆ ಶಾಲೆಗಳಿಗೆ ತೆರಳುವ ಮುನ್ನ ಸಹ ಪ್ರಶಿಕ್ಷಣಾರ್ಥಿಗಳೆದುರು ನಾನು ಮಂಡಿಸಿದ 40 ನಿಮಿಷದ ಪಾಠದ ಸಾರವಿದು. ವಿಷಯ: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವ ಶಂಕೆ ಬಂದಾಗ ವರದಿ ಮಾಡುವ ಹೊಣೆ. ಉದಾಹರಣೆಗೆ ಶಾಲೆಯನ್ನು ಬಿಟ್ಟು ಆಸ್ಪತ್ರೆಯನ್ನು ಆರಿಸಿಕೊಂಡೆ. ನಮ್ಮ ಶಾಲೆ, ನಮ್ಮ ಸಹೋದ್ಯೋಗಿ ಎಂಬ ಅಳುಕಿಲ್ಲದೆ ತರಗತಿ ಯೋಚಿಸಲಿ ಎಂಬುದು ಉದ್ದೇಶ.

ಸನ್ನಿವೇಶ (ಕಲ್ಪಿತ): ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡ್. ಹೊಟ್ಟೆನೋವೆಂದು ದಾಖಲಾದ ಒಂಬತ್ತು ವರ್ಷದ ಬಾಲಕಿ ರಾತ್ರಿ ಪಾಳಿಯ ನರ್ಸ್‌ಗೆ, "ಪಕ್ಕದ್ಮನೆ ಮಾಮ ಕೆಟ್ಟದಾಗಿ ಮುಟ್ತಾರೆ ಸಿಸ್ಟರ್, ಯಾರಿಗೂ ಹೇಳ್ಬೇಡಿ" ಎನ್ನುತ್ತಾಳೆ. ನರ್ಸ್ ಏನು ಮಾಡಬೇಕು?

ಹಂತ 1: ವೀಕ್ಷಣೆ ಮತ್ತು ತೀರ್ಮಾನ
ವಿಜ್ಞಾನ ತರಗತಿಯಲ್ಲಿ ನಾವು ಮೊದಲು ಕಲಿಸುವ ವ್ಯತ್ಯಾಸವೇ ಇಲ್ಲಿಯೂ ಬೇಕು. ಮಗು ಆಡಿದ ಮಾತು, ಹೇಳಿದ ಸಮಯ, ಕಣ್ಣಿಗೆ ಕಂಡ ಗಾಯ: ಇವು ವೀಕ್ಷಣೆ. ಇವನ್ನು ಮಗುವಿನ ಮಾತಿನಲ್ಲೇ ಬರೆದಿಡಬೇಕು. ಅಪರಾಧ ನಡೆದಿದೆಯೇ, ಯಾರಿಂದ ಎಂಬುದು ತೀರ್ಮಾನ; ಅದು ತನಿಖೆಗೆ, ನ್ಯಾಯಾಲಯಕ್ಕೆ ಸೇರಿದ್ದು. ಆದ್ದರಿಂದ ಕೆದಕಿ ಕೇಳುವುದು, ಉತ್ತರವನ್ನು ನಾವೇ ಸೂಚಿಸುವುದು ಬೇಡ. "ಯಾರಿಗೂ ಹೇಳುವುದಿಲ್ಲ" ಎಂಬ ಮಾತು ಕೊಡುವುದೂ ಬೇಡ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟು ಮಹಿಳಾ ಸಬ್ ಇನ್‌ಸ್ಪೆಕ್ಟರ್, ಸಮವಸ್ತ್ರವಿಲ್ಲದೆ ದಾಖಲಿಸಿಕೊಳ್ಳಲು ಪೋಕ್ಸೊ ಕಾಯ್ದೆಯೇ ವ್ಯವಸ್ಥೆ ಮಾಡಿದೆ.

ಹಂತ 2: ಯಾರಿಗೆ ತಿಳಿಸಬೇಕು?
ತರಗತಿಯ ಹೆಚ್ಚಿನವರು ಕೊಟ್ಟ ಉತ್ತರ: "ವೈದ್ಯರಿಗೆ." ಚಿಕಿತ್ಸೆಗೆ ಅದು ಅಗತ್ಯ. ಆದರೆ ವರದಿಯ ಕರ್ತವ್ಯ ಅಲ್ಲಿಗೆ ಮುಗಿಯದು. 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರಂತೆ, ಅಪರಾಧ ನಡೆದಿದೆಯೆಂದು ತಿಳಿದ ಅಥವಾ ನಡೆಯಬಹುದೆಂಬ ಆತಂಕವುಳ್ಳ 'ಯಾವುದೇ ವ್ಯಕ್ತಿ' ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ಮಾಹಿತಿ ನೀಡಬೇಕು. ನರ್ಸ್, ವೈದ್ಯ, ಶಿಕ್ಷಕ, ಪ್ರಶಿಕ್ಷಣಾರ್ಥಿ ಎಲ್ಲರೂ ಈ ಮಾತಿನೊಳಗೆ ಬರುತ್ತಾರೆ. ಮೇಲಿನವರ ಮೇಜಿನ ಮೇಲೆ ವಿಷಯ ನಿಂತುಹೋದರೆ ಮಗು ಅದೇ ಮನೆಗೆ, ಅದೇ ನೆರೆಯವನ ಪಕ್ಕಕ್ಕೆ ಮರಳುತ್ತದೆ.

ಹಂತ 3: ಚರ್ಚೆ
"ಸಂದೇಹ ತಪ್ಪಾದರೆ?" ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ.
"ಸುಮ್ಮನಿದ್ದರೆ?" ಸೆಕ್ಷನ್ 21ರಡಿ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ. ತಮ್ಮ ಕೈಕೆಳಗಿನವರ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ.
"ಇದು ಕಾಗದದ ಮೇಲಿನ ಮಾತಲ್ಲವೇ?" ಮಹಾರಾಷ್ಟ್ರದ ಬಾಲಕಿಯರ ಹಾಸ್ಟೆಲೊಂದರ ಪ್ರಕರಣದಲ್ಲಿ, ವರದಿ ಮಾಡಲಿಲ್ಲವೆಂಬ ಆರೋಪ ಹೊತ್ತ ವೈದ್ಯರ ವಿರುದ್ಧದ ಪ್ರಕರಣವನ್ನು ಹೈಕೋರ್ಟ್ ರದ್ದುಪಡಿಸಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ತಿಳಿದೂ ವರದಿ ಮಾಡದಿರುವುದು ಗಂಭೀರ ಅಪರಾಧ ಎಂದಿತು.

ಮೌಲ್ಯಮಾಪನ
1. ಸನ್ನಿವೇಶದಲ್ಲಿ 'ನರ್ಸ್' ಬದಲು 'ಪ್ರಶಿಕ್ಷಣಾರ್ಥಿ', 'ವೈದ್ಯ' ಬದಲು 'ಮುಖ್ಯೋಪಾಧ್ಯಾಯರು' ಎಂದಿಟ್ಟು ಉತ್ತರಿಸಿ. ಉತ್ತರ ಬದಲಾಯಿತೇ? ಏಕೆ?
2. ಶಾಲೆಗೆ ಹೋಗುವ ಮೊದಲ ದಿನವೇ ಹತ್ತಿರದ ಪೊಲೀಸ್ ಠಾಣೆಯ ದೂರವಾಣಿ ಸಂಖ್ಯೆಯನ್ನೂ ಮಕ್ಕಳ ಸಹಾಯವಾಣಿ 1098 ಅನ್ನೂ ಪಾಠ ಯೋಜನೆ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ.