ವ್ಯಕ್ತಿಯೂ ಸಂಸ್ಥೆಯೂ ರೂಪುಗೊಳ್ಳುವ ಬಗೆ

ಒಂದು ಶಾಲೆಯನ್ನು ಕಟ್ಟುವುದಕ್ಕೆ ಕಲ್ಲು, ಸುಣ್ಣ, ಹಣ ಇವು ಬೇಕೆಂಬುದು ಸರ್ವರಿಗೂ ವಿದಿತವಾದ ಸಂಗತಿ. ಆದರೆ ಒಂದೇ ಬಗೆಯ ಕಟ್ಟಡವೂ ಒಂದೇ ಪಾಠಕ್ರಮವೂ ಉಳ್ಳ ಎರಡು ಶಾಲೆಗಳಿಂದ ಹೊರಡುವ ಬಾಲಿಕೆಯರು ಗುಣದಲ್ಲಿ ಎರಡು ಬಗೆಯವರಾಗಿರುವುದನ್ನು ನಾವು ಕಾಣುತ್ತೇವೆ. ಈ ಭೇದಕ್ಕೆ ಕಾರಣವೇನು? ಮನುಷ್ಯರನ್ನೂ ಸಂಸ್ಥೆಗಳನ್ನೂ ರೂಪಿಸುವ ಶಕ್ತಿಗಳು ಮುಖ್ಯವಾಗಿ ಮೂರು: ಮನೆಯಿಂದಲೂ ಸಮಾಜದಿಂದಲೂ ಬರುವ ಸಂಸ್ಕೃತಿ, ಕಲಿತು ಸಂಪಾದಿಸುವ ವಿದ್ಯೆ, ಮತ್ತು ಇತರರನ್ನು ಮುಂದಕ್ಕೆ ನಡೆಸುವ ನಾಯಕತ್ವ. ಇವು ಒಂದರೊಳಗೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಬರಿಯ ತತ್ತ್ವವಿಚಾರದಿಂದ ತಿಳಿಯುವುದಕ್ಕಿಂತ ಒಬ್ಬರ ಜೀವಿತದಿಂದ ತಿಳಿಯುವುದು ಲೇಸು. ಅದಕ್ಕಾಗಿ ನಾವು ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಆರಿಸಿಕೊಂಡಿದ್ದೇವೆ.

1. ಮನೆಯ ಸಂಸ್ಕೃತಿ

ರಮಾಬಾಯಿಯವರು 1858ನೆಯ ಇಸವಿಯ ಏಪ್ರಿಲ್ 23ರಂದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಘನವಾದ ಸಂಸ್ಕೃತ ಪಂಡಿತರು. ಸ್ತ್ರೀಯರಿಗೆ ಸಂಸ್ಕೃತ ಸಲ್ಲದೆಂದು ಜನರು ನಂಬಿದ್ದ ಕಾಲದಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಆ ಭಾಷೆಯನ್ನು ಕಲಿಸಿದರು. ಇದಕ್ಕೆ ಆಕ್ಷೇಪ ಬಂದಾಗ ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಶಾಸ್ತ್ರಾಧಾರಗಳಿಂದಲೇ ತಮ್ಮ ಕಾರ್ಯವನ್ನು ಸಮರ್ಥಿಸಿಕೊಂಡರು.

ಮಗುವಿಗೆ ಆರು ತಿಂಗಳಾದಾಗ ಕುಟುಂಬವು ಕಾಡನ್ನು ಬಿಟ್ಟಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿದ ಕೂಸನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಬೆಟ್ಟವನ್ನಿಳಿದನು. ಅಲ್ಲಿಂದ ಮುಂದೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಸಂಚಾರ, ಪುರಾಣಶ್ರವಣ ಮಾಡಿಸಿ ಬಂದುದರಲ್ಲಿ ಜೀವನ. ಮಗಳಿಗೆ ಎಂಟು ವರ್ಷವಾಗುವಾಗ ತಂದೆಯವರಿಗೆ ಮುಪ್ಪಾಗಿತ್ತು. ಆದುದರಿಂದ ತಾಯಿಯೇ ಗುರುವಾದರು. ಹಗಲೆಲ್ಲ ಮನೆಗೆಲಸವಿದ್ದುದರಿಂದ ಅವರು ಬೆಳಕು ಹರಿಯುವ ಮೊದಲೇ ನಿದ್ದೆಗಣ್ಣಿನ ಮಗುವನ್ನೆಬ್ಬಿಸಿ ಪಾಠ ಹೇಳುತ್ತಿದ್ದರು. ಈ ಮನೆಗೆ ಗೋಡೆಯಾಗಲಿ ಮಾಡಾಗಲಿ ಇರಲಿಲ್ಲ. ಆದರೂ ಕಲಿಯುವುದು ಹೆಣ್ಣಿಗೂ ಸಹಜವೆಂಬ ಒಂದು ಭಾವನೆ ಅಲ್ಲಿ ನೆಲೆಯಾಗಿತ್ತು. ಸಂಸ್ಕೃತಿಯೆಂದರೆ ಇದೇ. ಅದು ಉಪದೇಶದಿಂದ ಬಂದುದಲ್ಲ, ನಿತ್ಯದ ಅಭ್ಯಾಸದಿಂದ ಬಂದುದು.

2. ವಿದ್ಯೆ

ಕ್ಷಾಮವು ತಂದೆತಾಯಿಗಳನ್ನು ಕೊಂಡೊಯ್ದ ಮೇಲೆ ರಮಾಬಾಯಿಯವರು ಅಣ್ಣನೊಡನೆ ಕಾಲ್ನಡೆಯಾಗಿ ದೇಶವನ್ನು ಸಂಚರಿಸಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಅವರನ್ನು ಪರೀಕ್ಷಿಸಿ 'ಪಂಡಿತಾ', 'ಸರಸ್ವತೀ' ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ವಿವಾಹ; 1882ರಲ್ಲಿ ಪತಿವಿಯೋಗ; ಕೈಯಲ್ಲೊಂದು ಹೆಣ್ಣು ಕೂಸು.

ಅದೇ ವರ್ಷ ಅವರು ಹಂಟರ್ ಆಯೋಗದ ಮುಂದೆ ಸಾಕ್ಷ್ಯವಿತ್ತು, ಉಪಾಧ್ಯಾಯಿನಿಯರಿಗೆ ತಕ್ಕ ತರಬೇತು ಬೇಕು, ಬಾಲಿಕಾ ಶಾಲೆಗಳ ತನಿಖೆಗೆ ಸ್ತ್ರೀಯರೇ ಬೇಕು, ಸ್ತ್ರೀಯರಿಗೆ ವೈದ್ಯಶಿಕ್ಷಣ ದೊರೆಯಬೇಕು ಎಂದು ಕೇಳಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ಕಲಿತು, ಸಂಸ್ಕೃತವನ್ನೂ ಕಲಿಸಿದರು. 1886ರಲ್ಲಿ ಅಮೆರಿಕೆಗೆ ತೆರಳಿ ಫ್ರೋಬೆಲನ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಾಸ ಮಾಡಿದರು. ಬಿರುದುಗಳಿಂದಲೇ ತೃಪ್ತರಾಗಬಹುದಾಗಿದ್ದ ಪಂಡಿತೆಯು ಚಿಕ್ಕ ಮಕ್ಕಳು ಆಟದಿಂದ ಕಲಿಯುವ ಬಗೆಯನ್ನು ತಿಳಿಯಲು ಪುನಃ ವಿದ್ಯಾರ್ಥಿನಿಯಾದುದನ್ನು ನಮ್ಮ ಬಾಲಿಕೆಯರು ಗಮನಿಸಬೇಕು. ತನಗಾಗಿ ಕಲಿತ ವಿದ್ಯೆ ಅಲಂಕಾರವಾಗುತ್ತದೆ. ಇತರರಿಗಾಗಿ ಕಲಿತುದು ಉಪಕರಣವಾಗುತ್ತದೆ.

3. ನಾಯಕತ್ವ

ಅವರು 1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಬಾಲವಿಧವೆಯರಿಗೆ ಆಶ್ರಯವೂ ವಿದ್ಯೆಯೂ ಒಂದೇ ಸೂರಿನಡಿ ದೊರಕಬೇಕೆಂಬುದು ಅವರ ಉದ್ದೇಶವಾಗಿತ್ತು. ಮರುವರ್ಷ ಅದು ಪುಣೆಗೆ ಸ್ಥಳಾಂತರವಾಯಿತು. ಅಮೆರಿಕೆಯ ಹಿತೈಷಿಗಳ ಸಂಘವು ಹಣವನ್ನೊದಗಿಸಿತು. ಊರ ಗಣ್ಯ ಹಿಂದೂ ಮಹನೀಯರ ಸಲಹಾ ಮಂಡಳಿಯೂ ಇದ್ದಿತು. ವಿದ್ಯಾರ್ಥಿನಿಯರು ತಮ್ಮ ಜಾತಿಯ ಆಚಾರಗಳನ್ನು ನಡೆಸಿಕೊಳ್ಳಬಹುದು, ಶಾಲೆಯಲ್ಲಿ ಮತಬೋಧನೆ ಇರುವುದಿಲ್ಲ ಎಂಬುದು ನಿಯಮ.

ಈ ಸಂಸ್ಥೆಗೆ 1893ರಲ್ಲಿ ಕಠಿಣವಾದ ಪರೀಕ್ಷೆ ಒದಗಿತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಬಾಲಿಕೆಯರು ತಾವಾಗಿಯೇ ಬಂದು ಕುಳಿತರು. ನಾನು ಯಾರನ್ನೂ ಕರೆಯಲಿಲ್ಲ, ಬಂದವರನ್ನು ಹೊರದೂಡಲಾರೆ ಎಂಬುದು ಅವರ ನಿಲುವು. ನಂಬಿಕೆಯಿಟ್ಟು ಮಕ್ಕಳನ್ನೊಪ್ಪಿಸಿದ ಪೋಷಕರಿಗಾದರೋ ನಿಯಮವು ಮುರಿಯಿತೆಂದೇ ತೋರಿತು. ಮಂಡಳಿಯವರು ರಾಜೀನಾಮೆಯಿತ್ತರು, ಹಲವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು.

ಯಾರ ಪಕ್ಷವು ಸರಿಯೆಂದು ತೀರ್ಪು ಹೇಳುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಆದರೆ ಸಂಸ್ಥೆಗಳನ್ನು ನಡೆಸುವವರೆಲ್ಲರೂ ಈ ಸಂಗತಿಯನ್ನು ಮನಸ್ಸಿಟ್ಟು ಯೋಚಿಸತಕ್ಕದ್ದು. ನಿಯಮವು ಕಾಗದದ ಮೇಲಿರುತ್ತದೆ. ಸಂಸ್ಥೆಯ ನಿಜವಾದ ಸಂಸ್ಕೃತಿಯಾದರೋ ಮುಖ್ಯಸ್ಥರ ನಡೆಯಲ್ಲಿರುತ್ತದೆ. ಮಕ್ಕಳು ಓದುವುದು ಎರಡನೆಯದನ್ನು. ಮುಖ್ಯೋಪಾಧ್ಯಾಯಿನಿಯು ಹೇಳದೆಯೂ ಕಲಿಸುತ್ತಾಳೆ, ಕಲಿಸಬಾರದೆಂದುಕೊಂಡುದನ್ನೂ ಕಲಿಸುತ್ತಾಳೆ. ನಮ್ಮಂತಹ ಶಾಲೆಗಳಿಗೆ ಬೇರೆ ಬೇರೆ ಮತಗಳ ತಂದೆತಾಯಿಗಳು ಮಕ್ಕಳನ್ನು ಕಳುಹಿಸುತ್ತಾರೆ. ಆ ವಿಶ್ವಾಸವು ನಮ್ಮ ಕೈಯಲ್ಲಿಟ್ಟ ಅಡವಿನಂತೆ. ನಾವು ಏನಾಗಿದ್ದೇವೆಂಬುದನ್ನು ಅವರಿಂದ ಮರೆಮಾಡದಿರುವುದೂ, ಅವರಿಗೆ ಕೊಟ್ಟ ಮಾತನ್ನು ಪೂರ್ಣವಾಗಿ ಉಳಿಸಿಕೊಳ್ಳುವುದೂ ಎರಡೂ ನಮ್ಮ ಕರ್ತವ್ಯಗಳು. ಇವೆರಡನ್ನೂ ಕೂಡಿಸಿ ನಡೆಸುವುದು ಸುಲಭವಲ್ಲವೆಂಬುದಕ್ಕೆ ಶಾರದಾ ಸದನದ ಚರಿತ್ರೆಯೇ ಸಾಕ್ಷಿ.

ಆ ಪೆಟ್ಟಿನಿಂದ ಕಾರ್ಯವು ನಿಲ್ಲಲಿಲ್ಲ. 1896-97ರ ಕ್ಷಾಮದಲ್ಲಿ ರಮಾಬಾಯಿಯವರು ಮಧ್ಯಪ್ರಾಂತಗಳಿಗೆ ಹೋಗಿ ಅನಾಥ ಬಾಲಿಕೆಯರನ್ನು ಕರೆತಂದರು. ಪುಣೆಗೆ ಹತ್ತಿರದ ಕೇಡಗಾಂವ್ ಎಂಬಲ್ಲಿ 'ಮುಕ್ತಿ' ಎಂಬ ನಿವಾಸವು ಬೆಳೆಯಿತು. 1900ರ ಗುಜರಾತಿನ ಕ್ಷಾಮದ ತರುವಾಯ ನಿವಾಸಿಗಳ ಸಂಖ್ಯೆ ಸಾವಿರವನ್ನು ದಾಟಿತು. ಅಷ್ಟು ಮಂದಿಯನ್ನು ಒಬ್ಬರೇ ನೋಡಿಕೊಳ್ಳುವುದು ಸಾಧ್ಯವೇ? ಅಲ್ಲಿ ನೇಯ್ಗೆ, ಗಾಣ, ಬೇಸಾಯ, ಹೊಲಿಗೆ, ಮುದ್ರಣ ಈ ಕೆಲಸಗಳನ್ನೆಲ್ಲ ಸ್ತ್ರೀಯರೇ ಕಲಿತರು. ಕುರುಡು ಬಾಲಿಕೆಯರೂ ಬೆರಳಿನಿಂದ ಓದಲು ಕಲಿತರು. ರಮಾಬಾಯಿಯವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಸಿಸಿ ಸತ್ಯವೇದವನ್ನು ಮರಾಠಿಗೆ ಭಾಷಾಂತರಿಸಿದಾಗ ಅದರ ಅಚ್ಚಿನ ಮೊಳೆಗಳನ್ನು ಜೋಡಿಸಿದವರು ಆ ನಿವಾಸದ ಹೆಣ್ಣುಮಕ್ಕಳೇ. ಒಂದು ಕಾಲಕ್ಕೆ ಹಸಿದು ಬಂದವರ ಕೈಗೆ ಅಂತಹ ಕೆಲಸವನ್ನು ಒಪ್ಪಿಸಿದುದರಲ್ಲಿ ಅವರ ನಾಯಕತ್ವದ ಹಿರಿಮೆಯನ್ನು ಕಾಣುತ್ತೇವೆ.

4. ಫಲದಿಂದ ಮರವನ್ನು ತಿಳಿಯುವುದು

ಶಾರದಾ ಸದನದ ಮೊದಮೊದಲಿನ ವಿಧವಾ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬವರೊಬ್ಬರು. ಅವರು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿ ಎನಿಸಿದರು. ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಆಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನೂ ಸ್ಥಾಪಿಸಿದರು. ರಮಾಬಾಯಿಯವರ ಮತವನ್ನು ಒಪ್ಪದವರೂ ಅವರ ಕಾರ್ಯದ ಮಾದರಿಯನ್ನು ಬೆಳೆಸಿದರು. ಅವರ ಮಗಳು ಮನೋರಮಾಬಾಯಿಯವರು, ಅಂದು ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ ಬಾಲಿಕೆಯರ ಶಾಲೆಯನ್ನು ನಡೆಸಿದರು. ಹೀಗೆ ಘಟ್ಟದಿಂದಿಳಿದ ವಿದ್ಯೆ ಕನ್ನಡ ನಾಡಿಗೇ ಮರಳಿತು. 1921ರಲ್ಲಿ ಮಗಳೂ 1922ರ ಏಪ್ರಿಲ್ 5ರಂದು ತಾಯಿಯೂ ತೀರಿಕೊಂಡರು. ಮುಕ್ತಿಯ ಕಾರ್ಯವಾದರೋ ಇಂದಿಗೂ ನಡೆಯುತ್ತಿದೆ.

5. ನಮಗೆ ಪಾಠ

ವಿದ್ಯಾರ್ಥಿನಿಯರೇ, ತರಗತಿಯ ನಾಯಕಿಯಾಗಿ ಆರಿಸಲ್ಪಟ್ಟವಳು ಎಲ್ಲ ಕೆಲಸವನ್ನೂ ತಾನೇ ಮಾಡಿದರೆ ತರಗತಿಯು ಅವಳನ್ನು ಹೊಗಳಬಹುದು. ಆದರೆ ಅವಳು ಬಾರದ ದಿನ ಕಪ್ಪು ಹಲಗೆಯನ್ನು ಒರಸುವವರಿರುವುದಿಲ್ಲ. ಸಂಗಡಿಗರಲ್ಲಿ ಹಿಂಜರಿಯುವವಳ ಕೈಗೂ ಒಂದು ಕೆಲಸವನ್ನು ಕೊಟ್ಟು, ಅದು ತಡವಾದರೂ ತಾಳಿಕೊಂಡು, ಅವಳಿಂದಲೇ ಮಾಡಿಸುವವಳು ನಿಜವಾದ ನಾಯಕಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಉಪಾಧ್ಯಾಯಿನಿಯರೂ ದಾದಿಯರೂ ತಾಯಂದಿರೂ ಆಗಿದ್ದೀರಿ. ಲಕ್ಷ್ಮೀಬಾಯಿಯವರಿಗೆ ಶಾಲೆಯೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಇದ್ದುದು ಬೆಳಕು ಹರಿಯುವ ಮುಂಚಿನ ಒಂದು ಗಳಿಗೆ ಮಾತ್ರ. ಆ ಗಳಿಗೆಯನ್ನು ಮಗಳಿಗೆ ಕೊಟ್ಟುದರಿಂದ ಎಷ್ಟು ಮನೆಗಳಿಗೆ ದೀಪ ಹತ್ತಿತೆಂಬುದನ್ನು ಲೆಕ್ಕವಿಡುವುದು ಯಾರಿಂದಲೂ ಆಗದು. ನಿಮ್ಮ ದಿನದಲ್ಲಿಯೂ ಅಂತಹದೊಂದು ಗಳಿಗೆ ಇರಲಿ. ಅದನ್ನು ಯಾರಿಗಾದರೂ ಕೊಡಿರಿ.