ಕಾಣೆಯಾದ ನರಸೀಪುರ: ಪ್ರೋಗ್ರಾಮರುಗಳ ಬಳಗ ಕಲಿಸುವ ಪಾಠ

ಒಂದೇ ಕಸುಬಿನವರು ಒಂದೆಡೆ ಕಲೆತರೆ ಕಸುಬಿನ ಮಾತು ತಾನಾಗಿಯೇ ಹೊರಡುತ್ತದೆ. ನಂಜನಗೂಡಿನ ಕಡೆಯ ರೈತರಿಬ್ಬರು ಸಂಧಿಸಿದರೆ ರಸಬಾಳೆಗೆ ಹತ್ತುವ ಸೊರಗುರೋಗದ ಪ್ರಸ್ತಾಪ ಬರದೆ ಇರದು. ತಿರುಮಕೂಡಲು ನರಸೀಪುರದ ಬತ್ತದ ಬಯಲಿನವರು ಸೇರಿದರೆ ನಾಲೆಗೆ ನೀರು ಬಿಡುವ ದಿನದ ಮಾತು ಬಂದೇ ಬರುತ್ತದೆ. ಮನೆಯ ಕ್ಷೇಮಸಮಾಚಾರದ ನಡುವೆಯೇ ಒಬ್ಬನ ಅನುಭವ ಮತ್ತೊಬ್ಬನ ಹೊಲಕ್ಕೆ ದಾಟುತ್ತದೆ. ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವವರಲ್ಲಿಯೂ ಇಂತಹ ಕೂಟಗಳುಂಟು. ಅವನ್ನು ಬಳಕೆದಾರರ ಬಳಗವೆಂದು ಕರೆಯಬಹುದು. ಇಂತಹ ಬಳಗದಲ್ಲಿ ಕೈಯಿಂದ ಕೈಗೆ ಸಾಗುವ ಸಲಹೆ ನಂಬಲರ್ಹವಾದ ತಿಳಿವಳಿಕೆಯಾಗುವುದು ಹೇಗೆ? ನಮ್ಮ ನೆರೆಯ ಎರಡು ಊರುಗಳ ಹೆಸರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಬಳಗಗಳ ಹುಟ್ಟು

ಬಳಗಗಳ ಇತಿಹಾಸ ಕಂಪ್ಯೂಟರಿನ ಇತಿಹಾಸದಷ್ಟೇ ಹಳೆಯದೆಂದರೆ ತಪ್ಪಾಗಲಾರದು. 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಐಬಿಎಂ 704 ಎಂಬ ಯಂತ್ರವನ್ನು ಕೊಳ್ಳುತ್ತಿದ್ದ ಸಂಸ್ಥೆಗಳವರು ಸೇರಿ 'ಷೇರ್' ಎಂಬ ಕೂಟವನ್ನು ಕಟ್ಟಿದರು. ವರ್ಗಮೂಲ ತೆಗೆಯುವುದೇ ಮೊದಲಾದ ಒಂದೇ ಕೆಲಸಕ್ಕೆ ಹತ್ತು ಸಂಸ್ಥೆಗಳು ಹತ್ತು ಸಲ ಪ್ರೋಗ್ರಾಮು ಬರೆಯುವುದು ವ್ಯರ್ಥವೆಂಬುದು ಅವರಿಗೆ ಮನವರಿಕೆಯಾಗಿತ್ತು. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕ್‌ನ ಒಂದು ಮನೆಯ ಕಾರುಷೆಡ್ಡಿನಲ್ಲಿ 'ಹೋಂಬ್ರೂ' ಕಂಪ್ಯೂಟರ್ ಕೂಟ ಮೊದಲ ಸಲ ಸೇರಿತು. ಸ್ಟೀವ್ ವೋಜ್ನಿಯಾಕ್ ತಾವು ಕಟ್ಟಿದ ಮೊದಲ ಆಪಲ್ ಯಂತ್ರವನ್ನು ತಂದು ತೋರಿಸಿದುದು ಈ ಗೆಳೆಯರಿಗೇ. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಹೊಸ ಕಾರ್ಯವ್ಯವಸ್ಥೆಯ ಸುದ್ದಿಯನ್ನು ತಿಳಿಸಿ ಸಲಹೆ ಬೇಡಿದುದು 'ಮಿನಿಕ್ಸ್' ಬಳಕೆದಾರರ ಬಳಗವನ್ನು. ಆ ವ್ಯವಸ್ಥೆಯೇ ಮುಂದೆ ಲಿನಕ್ಸ್ ಎನಿಸಿಕೊಂಡಿತು.

ನಮ್ಮ ನಾಡಿನಲ್ಲಿಯೂ ಈ ಪರಂಪರೆ ಬೆಳೆದಿದೆ. ಬೆಂಗಳೂರಿನ ಲಿನಕ್ಸ್ ಬಳಗದವರ ಶ್ರಮದಿಂದ 2001ರಲ್ಲಿ 'ಲಿನಕ್ಸ್ ಬ್ಯಾಂಗಲೋರ್' ಸಮ್ಮೇಳನ ಆರಂಭವಾಯಿತು. 2005ರಲ್ಲಿ ಅದು 'ಫಾಸ್ ಡಾಟ್ ಇನ್' ಎಂಬ ಹೆಸರನ್ನು ತಾಳಿ 2012ರವರೆಗೆ ನಡೆಯಿತು. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವವರಿಗಾಗಿ ಬೆಂಗಳೂರಿನಲ್ಲಿ 'ಬ್ಯಾಂಗ್‌ಪೈಪರ್ಸ್' ಎಂಬ ಬಳಗವುಂಟು. ಆ ಭಾಷೆಯ ಮೊದಲ ಅಖಿಲ ಭಾರತ ಸಮ್ಮೇಳನ 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಜರುಗಿತು. 'ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ' ಎಂಬ ಸಂಘಟನೆ ಕಾಲೇಜು ಕಾಲೇಜುಗಳಲ್ಲಿ ಇಂತಹ ಬಳಗಗಳಿಗೆ ಆಸರೆಯಾಗಿದೆ. ಇವು ಬಹುಮಟ್ಟಿಗೆ ದೊಡ್ಡ ನಗರದ ಮಾತು. ಆದರೆ ಒಂದು ಜಾತಿಯ ಸಮಸ್ಯೆಗಳು ಸಣ್ಣ ಊರಿನಲ್ಲಿಯೇ ಹುಟ್ಟುತ್ತವೆ, ಅಲ್ಲಿಯವರ ಕಣ್ಣಿಗೇ ಮೊದಲು ಬೀಳುತ್ತವೆ. ಅಂತಹುದೊಂದನ್ನು ಈಗ ನೋಡೋಣ.

ಒಂದು ಸಮಸ್ಯೆ

ನಂಜನಗೂಡಿನ ತರುಣನೊಬ್ಬ ಎರಡು ತಾಲ್ಲೂಕುಗಳ ಹಾಲು ಉತ್ಪಾದಕರ ಸಂಘಗಳಿಗೆ ಒಂದು ಪ್ರೋಗ್ರಾಮು ಬರೆದುಕೊಟ್ಟಿದ್ದಾನೆಂದು ಭಾವಿಸೋಣ. ಸದಸ್ಯರ ಹಳೆಯ ಪಟ್ಟಿಯೊಂದಿದೆ. ಹಣ ಸಲ್ಲಬೇಕಾದವರ ಹೊಸ ಪಟ್ಟಿ ಇನ್ನೊಂದಿದೆ. ಎರಡರಲ್ಲಿಯೂ ಇರುವ ಹೆಸರುಗಳನ್ನು ಹೊಂದಿಸಿ ಪಾವತಿಯ ಪಟ್ಟಿಯನ್ನು ಮುದ್ರಿಸುವುದು ಆ ಪ್ರೋಗ್ರಾಮಿನ ಕೆಲಸ. ಪಟ್ಟಿ ಹೊರಬಂದಾಗ ನಂಜಪ್ಪ, ನಂಜುಂಡ, ಬಸವಣ್ಣ ಎಲ್ಲರೂ ಇದ್ದಾರೆ. ಮಹದೇವಯ್ಯನವರು ಮಾತ್ರ ಇಲ್ಲ, ಸಿದ್ದೇಗೌಡರೂ ಇಲ್ಲ. ಊರಿನ ಹೆಸರನ್ನು ಹುಡುಕಿದರೆ ನಂಜನಗೂಡು ಸಿಕ್ಕುತ್ತದೆ, ನರಸೀಪುರ ಸಿಕ್ಕುವುದಿಲ್ಲ. ಹಳೆಯ ಪಟ್ಟಿಯನ್ನು ತೆರೆದು ನೋಡಿದರೆ ನರಸೀಪುರವೆಂಬ ಹೆಸರು ಕಣ್ಣೆದುರಿಗೇ ಇದೆ! ಇದು ಕೇವಲ ಕುತೂಹಲದ ವಿಷಯವಲ್ಲ. ದಿನವೂ ಹಾಲು ಅಳೆದವರ ಹಣ ಇಲ್ಲಿ ನಿಂತುಹೋಗಿದೆ.

ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರು, ನರಸೀಪುರದಿಂದ ಸುಮಾರು 30. ಒಂದು ಊರಿನವರು ರೈಲಿನಲ್ಲಿ ಬರಬಹುದು, ಇನ್ನೊಂದು ಊರಿನವರಿಗೆ ಬಸ್ಸೇ ಗತಿ. ತಿಂಗಳಿಗೊಮ್ಮೆ ಭಾನುವಾರ ಮೈಸೂರಿನಲ್ಲಿ ಸೇರುವ ಬಳಗವೊಂದಕ್ಕೆ ಈ ತರುಣ ಬಂದನೆನ್ನೋಣ. ಆತ ಮೊದಲು ಕೇಳುವುದು ಹೀಗೆ: "ನನ್ನ ಪ್ರೋಗ್ರಾಮು ಸರಿಯಾಗಿ ಓಡುತ್ತಿಲ್ಲ ಸಾರ್, ಏನು ಮಾಡಲಿ?" ಈ ಪ್ರಶ್ನೆಗೆ ಯಾರೂ ಉತ್ತರ ಕೊಡಲಾರರು. "ಮೈಗೆ ಹುಷಾರಿಲ್ಲ" ಎಂದಷ್ಟೇ ಹೇಳಿದ ರೋಗಿಗೆ ವೈದ್ಯರು ಯಾವ ಔಷಧವನ್ನು ಕೊಟ್ಟಾರು?

ಪ್ರಶ್ನೆಯನ್ನು ಕಿರಿದುಮಾಡುವುದು

ಒಳ್ಳೆಯ ಬಳಗ ಮಾಡುವ ಮೊದಲ ಉಪಕಾರ ಉತ್ತರ ಕೊಡುವುದಲ್ಲ, ಪ್ರಶ್ನೆಯನ್ನು ತಿದ್ದುವುದು. "ಇಡೀ ಪಟ್ಟಿಯನ್ನು ಬಿಡು, ಎರಡೇ ಹೆಸರು ತೋರಿಸು. ಒಂದು ಸಿಕ್ಕುವುದು, ಒಂದು ಸಿಕ್ಕದಿರುವುದು" ಎಂದು ಹಿರಿಯರೊಬ್ಬರು ಹೇಳುತ್ತಾರೆ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾವು ಅನುಸರಿಸುವ ಕ್ರಮವೂ ಇದೇ. ಲೋಲಕದ ಆಂದೋಲನ ಕಾಲ ಯಾವುದನ್ನು ಅವಲಂಬಿಸಿದೆಯೆಂದು ತಿಳಿಯಬೇಕಾದರೆ ದಾರದ ಉದ್ದವನ್ನೂ ಗುಂಡಿನ ತೂಕವನ್ನೂ ಒಮ್ಮೆಗೇ ಬದಲಿಸಬಾರದು. ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಮಾತ್ರ ಬದಲಿಸಬೇಕು. ಹಾಗೆಯೇ ಇಲ್ಲಿ ಪ್ರೋಗ್ರಾಮು ಅದೇ, ಯಂತ್ರ ಅದೇ. ಬದಲಾದುದು ಹೆಸರು ಮಾತ್ರ. ಅಂದಮೇಲೆ ದೋಷದ ಮೂಲ ಹೆಸರಿನೊಳಗೇ ಅಡಗಿರಬೇಕು.

ಇದರಿಂದ ಇನ್ನೊಂದು ಲಾಭವೂ ಉಂಟು. ಸದಸ್ಯರ ಬ್ಯಾಂಕು ಖಾತೆಯ ವಿವರಗಳಿರುವ ಪಟ್ಟಿಯನ್ನು ಬಳಗದ ಮುಂದೆ ಹರಡಬೇಕಾದ ಪ್ರಮೇಯವೇ ಬರುವುದಿಲ್ಲ. ಅನ್ಯರ ಗುಟ್ಟನ್ನು ಕಾಪಾಡುವುದು ಸಲಹೆ ಕೇಳುವವನ ಕರ್ತವ್ಯ.

ಗುಡಿಸು ಮತ್ತು ದೀರ್ಘ

ಕಂಪ್ಯೂಟರಿಗೆ ಅಕ್ಷರದ ಆಕಾರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಅಂಕಿಗಳನ್ನು ಹಂಚುವ ಯೂನಿಕೋಡ್ ಎಂಬ ಪದ್ಧತಿ 1991ರಲ್ಲಿ ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೂ ಸ್ಥಾನ ದೊರೆತಿತ್ತು. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ಅದರಲ್ಲಿ ನಕಾರಕ್ಕೆ 3240, ರಕಾರಕ್ಕೆ 3248, ಸಕಾರಕ್ಕೆ 3256. ಸ್ವರಚಿಹ್ನೆಗಳಿಗೂ ಪ್ರತ್ಯೇಕ ಅಂಕಿಗಳಿವೆ.

ಬಳಗದವರ ಸಲಹೆಯಂತೆ ತರುಣ ಎರಡು ಪಟ್ಟಿಗಳಲ್ಲಿರುವ ನರಸೀಪುರವನ್ನೂ ಅಂಕಿಗಳಾಗಿ ಮುದ್ರಿಸಿ ನೋಡುತ್ತಾನೆ. ಹೊಸ ಪಟ್ಟಿಯಲ್ಲಿ ಏಳು ಅಂಕಿಗಳಿವೆ: 3240, 3248, 3256, 3264, 3242, 3265, 3248. ಹಳೆಯದರಲ್ಲಿ ಎಂಟು: 3240, 3248, 3256, 3263, 3285, 3242, 3265, 3248. ಕಣ್ಣಿಗೆ ಒಂದೇ ಆದ ಹೆಸರು ಯಂತ್ರಕ್ಕೆ ಎರಡಾಗಿರುವುದು ಇಲ್ಲಿ ಸ್ಪಷ್ಟವಾಗುತ್ತದೆ. ಒಂದರಲ್ಲಿ 3264 ಇರುವೆಡೆ ಇನ್ನೊಂದರಲ್ಲಿ 3263 ಮತ್ತು 3285 ಜೊತೆಯಾಗಿ ನಿಂತಿವೆ.

ಇದರ ಅರ್ಥವನ್ನು ತಿಳಿಯಲು ನಾವು ಪ್ರಾಥಮಿಕ ಶಾಲೆಯ ಕಾಗುಣಿತವನ್ನು ನೆನೆದರೆ ಸಾಕು. 'ಸಿ' ಬರೆಯಲು ಗುಡಿಸು ಕೊಡುತ್ತೇವೆ. 'ಸೀ' ಬರೆಯಲು ಗುಡಿಸು ಕೊಟ್ಟು ಪಕ್ಕದಲ್ಲಿ ದೀರ್ಘ ಎಳೆಯುತ್ತೇವೆ. ಯೂನಿಕೋಡಿನಲ್ಲಿ ಗುಡಿಸಿನ ಅಂಕಿ 3263, ಬಿಡಿಯಾದ ದೀರ್ಘದ ಅಂಕಿ 3285. ಇವೆರಡೂ ಕೂಡಿದ ಗುಡಿಸಿನ ದೀರ್ಘಕ್ಕೆ 3264 ಎಂಬ ಬೇರೆಯ ಅಂಕಿಯೂ ಉಂಟು. ಎರಡು ಬರೆವಣಿಗೆಗಳೂ ಸಮಾನವೆಂದು ಯೂನಿಕೋಡೇ ಒಪ್ಪುತ್ತದೆ. ಆದರೆ ಅಂಕಿಗೆ ಅಂಕಿಯನ್ನು ಹೋಲಿಸುವ ಸಾಮಾನ್ಯ ಪ್ರೋಗ್ರಾಮಿಗೆ ಈ ಸಮಾನತೆ ತಾನಾಗಿ ಹೊಳೆಯದು.

ಹೀಗೆ ಎರಡು ರೂಪಗಳಿರುವ ಸ್ವರಚಿಹ್ನೆಗಳು ಕನ್ನಡದಲ್ಲಿ ಐದು: ಕೀ, ಕೇ, ಕೈ, ಕೊ, ಕೋ ಎಂಬಲ್ಲಿ ಬರುವಂಥವು. 'ಕೂ' ಎಂಬಲ್ಲಿನ ಕೊಂಬಿನ ದೀರ್ಘಕ್ಕೆ ಒಂದೇ ರೂಪ. ಈಗ ಒಗಟು ಬಿಡಿಸಿತು. ನಂಜನಗೂಡಿನಲ್ಲಿ ಇರುವುದು ಕೊಂಬು, ಕೊಂಬಿನ ದೀರ್ಘ, ಸೊನ್ನೆ ಮಾತ್ರ. ಆದುದರಿಂದ ಅದು ಪಾರಾಯಿತು. ನರಸೀಪುರದ 'ಸೀ', ಮಹದೇವಯ್ಯನವರ 'ದೇ', ಸಿದ್ದೇಗೌಡರ 'ದ್ದೇ' ಸಿಕ್ಕಿಬಿದ್ದವು.

ಹಳೆಯ ಪಟ್ಟಿಗೆ ಬಿಡಿದೀರ್ಘ ಬಂದುದಾದರೂ ಹೇಗೆ? ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ ಮೊದಲಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳಲ್ಲಿ ಅಕ್ಷರದ ತುಣುಕುಗಳಿಗೆ ಅಂಕಿ ಕೊಡುವ ಪದ್ಧತಿಯಿತ್ತು. ಅಲ್ಲಿ ದೀರ್ಘವೂ ಪ್ರತ್ಯೇಕ ತುಣುಕು. ಆ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಪ್ರೋಗ್ರಾಮು ಗುಡಿಸನ್ನೂ ದೀರ್ಘವನ್ನೂ ಕೂಡಿಸದೆ ಬಿಟ್ಟರೆ ಇಂತಹ ಪಟ್ಟಿ ಹುಟ್ಟುತ್ತದೆ.

ಸಲಹೆಯ ತೂಕ

ಬಳಗದಲ್ಲಿ ಬರುವ ಸಲಹೆಗಳೆಲ್ಲ ಒಂದೇ ತೂಕದವಲ್ಲ. "ಹಳೆಯ ಪಟ್ಟಿಯನ್ನು ಮತ್ತೆ ಹೊಸದಾಗಿ ಬೆರಳಚ್ಚು ಮಾಡಿಸು" ಎಂದು ಒಬ್ಬರು ಹೇಳಬಹುದು. ಅದರಿಂದ ದೋಷ ಹೋಗುವುದು ನಿಜ. ಆದರೆ ಸಾವಿರಾರು ಹೆಸರುಗಳಲ್ಲಿ ಹೊಸ ತಪ್ಪುಗಳು ನುಸುಳಬಹುದು, ಕಾರಣವೂ ತಿಳಿಯದೆ ಉಳಿಯುತ್ತದೆ. "ದೀರ್ಘಗಳನ್ನೆಲ್ಲ ತೆಗೆದುಹಾಕಿ ಹೋಲಿಸು" ಎಂದು ಇನ್ನೊಬ್ಬರು ಹೇಳಬಹುದು. ಆಗ ನರಸೀಪುರವೇನೋ ಸಿಕ್ಕೀತು, ಆದರೆ ಕೆರೆಗೂ ಕೇರೆಗೂ ಭೇದವಿಲ್ಲದಂತಾಗುತ್ತದೆ! ಒಬ್ಬರ ಹಣ ಇನ್ನೊಬ್ಬರ ಹೆಸರಿಗೆ ಹೋಗಲು ಇಷ್ಟು ಸಾಕು.

ಮೂರನೆಯ ಸಲಹೆ ಇದು: ಹೋಲಿಸುವ ಮೊದಲು ಎರಡು ಪಟ್ಟಿಗಳನ್ನೂ ಏಕರೂಪಕ್ಕೆ ತರಬೇಕು. ಇದಕ್ಕಾಗಿ ಯೂನಿಕೋಡಿನಲ್ಲಿಯೇ ನಿಯಮಗಳಿವೆ. 'ಎನ್‌ಎಫ್‌ಸಿ' ಎಂಬುದು ಕೂಡಿಸಿದ ರೂಪ, 'ಎನ್‌ಎಫ್‌ಡಿ' ಎಂಬುದು ಬಿಡಿಸಿದ ರೂಪ. ಎರಡರಲ್ಲಿ ಯಾವುದನ್ನು ಆರಿಸಿದರೂ ಸರಿ, ಎರಡು ಕಡೆಗೂ ಅದೊಂದೇ ಇರಬೇಕು. ಪೈಥಾನ್ ಭಾಷೆಯಲ್ಲಿ 'ಯೂನಿಕೋಡ್‌ಡೇಟಾ' ಎಂಬ ಭಾಗದ 'ನಾರ್ಮಲೈಸ್' ಆಜ್ಞೆ ಈ ಕೆಲಸವನ್ನು ಒಂದು ಸಾಲಿನಲ್ಲಿ ಮಾಡಿಬಿಡುತ್ತದೆ. ಹೀಗೆ ಮಾಡಿದ ಕೂಡಲೆ ನರಸೀಪುರ ಸ್ವಸ್ಥಾನಕ್ಕೆ ಮರಳುತ್ತದೆ, ಮಹದೇವಯ್ಯನವರ ಹೆಸರು ಪಾವತಿಯ ಪಟ್ಟಿಗೆ ಬರುತ್ತದೆ.

ಈ ಮೂರನೆಯ ಸಲಹೆ ಮೇಲೆನಿಸುವುದೇಕೆ? ಹೇಳಿದವರು ಹಿರಿಯರೆಂಬ ಕಾರಣಕ್ಕಲ್ಲ. ಸಲಹೆಯನ್ನು ತೂಗಲು ಮೂರು ಪ್ರಶ್ನೆಗಳು ಸಾಕು. ದೋಷಕ್ಕೆ ಕಾರಣವನ್ನು ಅದು ತಿಳಿಸುತ್ತದೆಯೆ? ಬೇರೊಬ್ಬರ ಯಂತ್ರದಲ್ಲಿಯೂ ಅದೇ ಫಲ ದೊರೆಯುತ್ತದೆಯೆ? ಹಿಂದೆ ಸರಿಯಾಗಿದ್ದುದು ಅದರಿಂದ ಕೆಡದೆ ಉಳಿಯುತ್ತದೆಯೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಸಲಹೆಯನ್ನು ಸ್ವೀಕರಿಸಬಹುದು. ಈಗ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಮುಗಳನ್ನೇ ಕೇಳಿ ಉತ್ತರ ಪಡೆಯುವವರು ಅನೇಕರಿದ್ದಾರೆ. ಆ ಉತ್ತರಗಳಿಗೂ ಇದೇ ತಕ್ಕಡಿ ಸಲ್ಲುತ್ತದೆ.

ಸ್ವೀಕರಿಸಿದ ಸಲಹೆಗೂ ಒಂದು ಮಿತಿಯುಂಟೆಂಬುದನ್ನು ಮರೆಯಬಾರದು. ತಿ. ನರಸೀಪುರ, ಟಿ. ನರಸೀಪುರ, ತಿರುಮಕೂಡಲು ನರಸೀಪುರ ಎಂದು ಜನ ಮೂರು ಬಗೆಯಾಗಿ ಬರೆಯುತ್ತಾರೆ. ಇವು ಒಂದೇ ಊರೆಂಬುದು ಯೂನಿಕೋಡಿನ ಯಾವ ನಿಯಮಕ್ಕೂ ತಿಳಿಯದು. ಅದನ್ನು ಬಲ್ಲವರು ಊರಿನವರು. ನರಸೀಪುರದಿಂದ ಬಂದ ಗೆಳೆಯ ಆ ಮಾತನ್ನು ಎತ್ತಿದಾಗಲೇ ಪ್ರೋಗ್ರಾಮಿಗೆ ಸಮಾನನಾಮಗಳ ಪಟ್ಟಿಯೊಂದು ಸೇರೀತು. ದೂರದ ನಗರದ ಪಂಡಿತರು ಎಷ್ಟೇ ಬಲ್ಲವರಾದರೂ ಈ ತಿಳಿವಳಿಕೆ ಅವರಲ್ಲಿ ದೊರೆಯದು.

ಹರಟೆಯ ಉಪಯೋಗ

ಬಳಗದಲ್ಲಿ ಕೆಲಸದ ಮಾತಿಗಿಂತ ಹರಟೆಯೇ ಹೆಚ್ಚೆಂಬ ಆಕ್ಷೇಪಣೆ ಕೇಳಿಬರುವುದುಂಟು. ಕಾಫಿ ಕುಡಿಯುತ್ತ ಬಸ್ಸು ತಡವಾದುದನ್ನೂ ಕ್ರಿಕೆಟ್ಟನ್ನೂ ಮಾತಾಡುವುದರಲ್ಲಿ ಕಾಲಹರಣವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ "ನನಗೆ ಇದು ತಿಳಿಯದು" ಎಂದು ನಾಲ್ವರ ಮುಂದೆ ಒಪ್ಪಿಕೊಳ್ಳಲು ಸಲಿಗೆ ಬೇಕು. ಹೊಸಬನಿಗೆ ಆ ಸಲಿಗೆ ಹುಟ್ಟುವುದು ಹರಟೆಯಲ್ಲಿಯೇ. ಕನ್ನಡದಲ್ಲಿಯೇ ಕೇಳಬಹುದೆಂಬ ಧೈರ್ಯ ಬಂದರೆ ಇಂಗ್ಲಿಷಿಗೆ ಅಂಜಿ ಹಿಂದೆ ಕುಳಿತವನೂ ಬಾಯಿ ಬಿಡುತ್ತಾನೆ. ಹರಟೆಯ ನಡುವೆ "ನಮ್ಮ ಪಟ್ಟಿಯಲ್ಲಿ ಮಹದೇವ ಎಂಬವರೇ ಕಾಣೆಯಾಗುತ್ತಾರಪ್ಪ" ಎಂದು ನಗುತ್ತ ಆಡಿದ ಮಾತು ಒಂದು ದೋಷದ ಮೊದಲ ಸುಳಿವಾಗಬಹುದು.

ಬಳಗಕ್ಕೆ ಒಂದು ಋಣವೂ ಉಂಟು. ಉತ್ತರ ಪಡೆದವನು ಸಮಸ್ಯೆ ಏನಿತ್ತು, ಕಾರಣವೇನು, ಹೇಗೆ ಸರಿಹೋಯಿತು ಎಂಬುದನ್ನು ನಾಲ್ಕು ಸಾಲು ಬರೆದಿಡಬೇಕು. ಬರೆದಿಡದ ಉತ್ತರ ಮುಂದಿನ ತಿಂಗಳ ಹೊಸಬನಿಗೆ ದೊರೆಯುವುದಿಲ್ಲ. ಅವನು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ವಾಚಕರಿಗೊಂದು ಅಭ್ಯಾಸ

ಕಪಿಲಾ, ಕಾವೇರಿ, ತಲಕಾಡು, ಸೋಮನಾಥಪುರ, ಮೈಸೂರು: ಈ ಐದು ಹೆಸರುಗಳಲ್ಲಿ ಯಂತ್ರಕ್ಕೆ ಎರಡು ಬಗೆಯಾಗಿ ಕಾಣಬಹುದಾದುವು ಯಾವುವು? ಮೇಲೆ ಹೇಳಿದ ಐದು ಸ್ವರಚಿಹ್ನೆಗಳನ್ನು ಹುಡುಕಿದರೆ ಉತ್ತರ ದೊರೆಯುತ್ತದೆ. ಕಪಿಲಾ ಮತ್ತು ತಲಕಾಡು ಕ್ಷೇಮ. ಕಾವೇರಿಯ 'ವೇ' ಮತ್ತು ಮೈಸೂರಿನ 'ಮೈ' ಬಿಡಿಸಿದಾಗ ಆ ಹೆಸರುಗಳು ಆರು ಅಂಕಿಗಳ ಬದಲು ಏಳಾಗುತ್ತವೆ. ಸೋಮನಾಥಪುರದ ಓತ್ವ ಮೂರು ತುಣುಕುಗಳಾಗಿ ಒಡೆಯುವುದರಿಂದ ಒಂಬತ್ತು ಅಂಕಿಗಳು ಹನ್ನೊಂದಾಗುತ್ತವೆ. ವಾಚಕರು ಇದೇ ರೀತಿ ತಮ್ಮ ಹೆಸರನ್ನೂ ತಮ್ಮ ಊರಿನ ಹೆಸರನ್ನೂ ಪರೀಕ್ಷಿಸಿ ನೋಡಬಹುದು. ಅವುಗಳಲ್ಲಿ ಈ ಚಿಹ್ನೆಗಳೇನಾದರೂ ಇದ್ದು, ಯಾವುದಾದರೂ ಪಟ್ಟಿಯಲ್ಲಿ ಹೆಸರು ಸಿಕ್ಕದೆ ಹೋದರೆ, ಪಟ್ಟಿಯನ್ನು ನೋಡಿಕೊಳ್ಳುವವರಿಗೆ ಏನು ಹೇಳಬೇಕೆಂಬುದು ಈಗ ಅವರಿಗೆ ತಿಳಿದಿದೆ.